ಹಗುರವಾದ ಡೆಸ್ಕ್‌ಟಾಪೂ ಅಮ್ಮನ ಒತ್ತಕ್ಷರವೂ

ಬಹಳ ದಿನದಿಂದ ಬರೆಯಬೇಕು ಅಂದುಕೊಂಡಿದ್ದ ವಿಷಯ ಇದು. ಮೊನ್ನೆ ಭಾನುವಾರ ಅಮ್ಮನಿಂದಾಗಿ ಬರೆಯಲೇಬೇಕಾಯಿತು :)

ಗೊಟ್ಟಿಗೆರೆಯ ನಮ್ಮ ಮನೆಯಲ್ಲಿ ಒಂದು ಪುಟ್ಟ ನೆಟ್‌ಬುಕ್ ಇದೆ. 2009ರಲ್ಲಿ ಕೊಂಡದ್ದು. ಇಂಟೆಲ್ ಆಟಮ್ ಎನ್270 ಪ್ರೊಸೆಸರ್, 1 ಜಿಬಿ ರ‍್ಯಾಮ್, ಹತ್ತು ಇಂಚಿನ ತೆರೆ. ಅಮ್ಮ ತಮ್ಮ ಮಹಿಳಾ ಸಂಘದ ಲೆಕ್ಕ, ಸಭೆಯ ನಡಾವಳಿ ಎಲ್ಲವನ್ನೂ ಬರೆದಿಡುವುದು ಅದರಲ್ಲೇ. ಹೊಸ ಲ್ಯಾಪ್‌ಟಾಪ್ ಕೊಡಿಸುತ್ತೇನೆ ಅಂದರೆ "ಇದಕ್ಕೇನಾಗಿದೆ?" ಅಂತಾರೆ. ಎಸ್.ಪಿ. ರೋಡಿನ ಅಂಗಡಿಯೊಂದರಲ್ಲಿ ತೋರಿಸಿದಾಗ "ಗುಜರಿಗೆ ಹಾಕಿ ಸಾರ್" ಎಂದರು. ಆದರೆ ಯಂತ್ರದ ಒಂದು ಭಾಗವೂ ಕೆಟ್ಟಿರಲಿಲ್ಲ. ತಪ್ಪು ನನ್ನದು. ಇಂಜಿನಿಯರಿಂಗ್ ಓದುವಾಗಿನ ಉತ್ಸಾಹದಲ್ಲಿ ಎಕ್ಸ್‌ಪಿ ತೆಗೆದು ಡೆಬಿಯನ್ ಲಿನಕ್ಸ್ ಹಾಕಿ, ಅದರ ಮೇಲೆ ಗ್ನೋಮ್ 3 ಡೆಸ್ಕ್‌ಟಾಪ್ ಕೂರಿಸಿದ್ದೆ. ಏನನ್ನೂ ತೆರೆಯುವ ಮೊದಲೇ ಅರ್ಧಕ್ಕಿಂತ ಹೆಚ್ಚು ರ‍್ಯಾಮ್ ಅದಕ್ಕೇ ಹೋಗುತ್ತಿತ್ತು.

ಡೆಸ್ಕ್‌ಟಾಪ್ ಅಂದರೆ ಇಲ್ಲಿ ನಾನು ಹೇಳುತ್ತಿರುವುದು ಕಿಟಕಿಗಳು, ಮೆನು, ಕೆಳಗಿನ ಪಟ್ಟಿ, ಕಡತ ತೋರಿಸುವ ತಂತ್ರಾಂಶ ಇವೆಲ್ಲ ಸೇರಿದ ಮೇಲುಹೊದಿಕೆ. ಲಿನಕ್ಸ್‌ನಲ್ಲಿ ಇದನ್ನು ಬೇಕಾದಂತೆ ಬದಲಾಯಿಸಬಹುದು. ಮನೆ ಅದೇ, ಒಳಗಿನ ಮಂಚ ಬೀರು ಬೇರೆ ಅಷ್ಟೇ. ಹಾಗಾಗಿ ಭಾನುವಾರ ಬೆಳಿಗ್ಗೆ ಗ್ನೋಮ್ ಕಿತ್ತು, ಬಹಳ ಹಗುರ ಎಂದು ಹೆಸರಾದ ಫ್ಲಕ್ಸ್‌ಬಾಕ್ಸ್ ಹಾಕಿದೆ. ಯಂತ್ರ ಕುದುರೆಯಂತೆ ಓಡತೊಡಗಿತು! ಮೆನುವಿನಲ್ಲಿ ಅಮ್ಮನ ಕಡತಗಳಿಗೆ ಕನ್ನಡದಲ್ಲೇ ಹೆಸರು ಬರೆದು, ಬೀಗುತ್ತಾ ಕರೆದು ತೋರಿಸಿದೆ.

ಅಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿ, "ಇದೇನೋ, ಒತ್ತಕ್ಷರ ಎಲ್ಲಾ ಮೇಲೆದ್ದು ಕೂತಿದೆ?" ಎಂದರು.

ಹೌದು. ಮೆನುವಿನಲ್ಲಿ 'ಲೆಕ್ಕ' ಎಂಬುದು 'ಲೆಕ್‌ಕ' ಆಗಿತ್ತು. ಕಿಟಕಿಯ ತಲೆಪಟ್ಟಿಯಲ್ಲೂ ಅದೇ ಕಥೆ. ಆದರೆ ಅದೇ ಕಿಟಕಿಯ ಒಳಗೆ ಅಕ್ಷರಗಳು ಮುತ್ತಿನಂತೆ ಸರಿಯಾಗಿದ್ದವು. ಒಂದೇ ಯಂತ್ರ, ಒಂದೇ ಫಾಂಟು. ಹೊರಗೆ ತಪ್ಪು, ಒಳಗೆ ಸರಿ. ಯಾಕೆ ಹೀಗೆ ಎಂದು ಹುಡುಕುತ್ತಾ ಹೊರಟಾಗ ಹಗುರ ಡೆಸ್ಕ್‌ಟಾಪುಗಳ ಇತಿಹಾಸವೇ ಬಿಚ್ಚಿಕೊಂಡಿತು.

ಮೊದಲು ಎಲ್ಲವೂ ಹಗುರವೇ

ಯುನಿಕ್ಸ್ ಯಂತ್ರಗಳಲ್ಲಿ ಚಿತ್ರರೂಪದ ತೆರೆಗೆ ಅಡಿಪಾಯ ಹಾಕಿದ್ದು 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ ಎಕ್ಸ್ ವಿಂಡೋ ವ್ಯವಸ್ಥೆ. ಕಿಟಕಿಗೆ ಚೌಕಟ್ಟು ಹಾಕುವ ಕೆಲಸವನ್ನು ಅದು ಬೇರೆ ತಂತ್ರಾಂಶಗಳಿಗೆ ಬಿಟ್ಟಿತು. ಅಂಥವುಗಳಲ್ಲಿ ಒಂದು 1987ರ ಟಿಡಬ್ಲ್ಯುಎಂ. 1993ರಲ್ಲಿ ರಾಬರ್ಟ್ ನೇಷನ್ ಎಂಬಾತ ಅದು ತಿನ್ನುವ ಮೆಮೊರಿ ತಗ್ಗಿಸಬೇಕೆಂದು ಅದನ್ನೇ ತಿದ್ದಿ ಎಫ್‌ವಿಡಬ್ಲ್ಯುಎಂ ಮಾಡಿದರು. ಅಂದರೆ "ಇದು ಭಾರವಾಯಿತು, ಹಗುರದ್ದು ಬೇಕು" ಎಂಬ ಗೊಣಗಾಟ ಇವತ್ತಿನದಲ್ಲ, ಅದಕ್ಕೆ ಮೂವತ್ತು ವರ್ಷ ದಾಟಿದೆ!

ಪೂರ್ತಿ ಡೆಸ್ಕ್‌ಟಾಪ್ ಕಟ್ಟುವ ಹುರುಪು ಬಂದದ್ದು 1996ರಿಂದೀಚೆಗೆ. ಆ ವರ್ಷದ ಅಕ್ಟೋಬರಿನಲ್ಲಿ ಜರ್ಮನಿಯ ವಿದ್ಯಾರ್ಥಿ ಮಥಿಯಾಸ್ ಎಟ್ರಿಶ್ ಕೆಡಿಇ ಯೋಜನೆ ಘೋಷಿಸಿದರು. ಅದು ಬಳಸುತ್ತಿದ್ದ ಕ್ಯೂಟಿ ತಂತ್ರಾಂಶದ ಪರವಾನಗಿ ಆಗ ಪೂರ್ತಿ ಮುಕ್ತವಾಗಿರಲಿಲ್ಲ ಎಂಬ ತಕರಾರಿನಿಂದ 1997ರ ಆಗಸ್ಟ್‌ನಲ್ಲಿ ಗ್ನೋಮ್ ಹುಟ್ಟಿತು. 1996ರಲ್ಲೇ ಒಲಿವಿಯೆ ಫೂರ್ಡಾನ್ ಎಂಬ ಫ್ರೆಂಚ್ ತಂತ್ರಜ್ಞ ಎಕ್ಸ್‌ಎಫ್‌ಸಿಇ ಶುರುಮಾಡಿದ್ದರು. ಆರಂಭದಲ್ಲಿ ಅದು ಒಂದು ಪಟ್ಟಿ, ಒಂದಿಷ್ಟು ಗುಂಡಿ ಅಷ್ಟೇ. 1999ರಲ್ಲಿ ಅದನ್ನು ಜಿಟಿಕೆ ಎಂಬ ಮುಕ್ತ ತಂತ್ರಾಂಶದ ಮೇಲೆ ಹೊಸದಾಗಿ ಬರೆದರು. 'ಹಗುರ ಡೆಸ್ಕ್‌ಟಾಪ್' ಅಂದರೆ ಮುಂದೆ ಜನರ ಬಾಯಲ್ಲಿ ಬರುತ್ತಿದ್ದ ಮೊದಲ ಹೆಸರುಗಳಲ್ಲಿ ಇದೂ ಒಂದು.

ಇವು ಯಾವುದರಲ್ಲೂ ಆಗ ಕನ್ನಡ ಸರಿಯಾಗಿ ಬರುತ್ತಿರಲಿಲ್ಲ.

ಒತ್ತಕ್ಷರದ ತೂಕ

ಇಂಗ್ಲಿಷಿಗೆ ಒಂದು ಸಂಕೇತ, ಒಂದು ಅಕ್ಷರ, ಸಾಲಾಗಿ ಜೋಡಿಸಿದರೆ ಮುಗಿಯಿತು. ಕನ್ನಡ ಹಾಗಲ್ಲ. 1991ರ ಯುನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು ನಿಜ. ಆದರೆ ಅಲ್ಲಿ ಒತ್ತಕ್ಷರಗಳಿಗೆ ಪ್ರತ್ಯೇಕ ಸಂಕೇತಗಳಿಲ್ಲ. 'ಲೆಕ್ಕ' ಎಂಬುದು ಕಡತದಲ್ಲಿ ಉಳಿಯುವುದು ಲ, ಎತ್ವ, ಕ, ಹಲಂತ, ಕ ಎಂದು. ಎರಡನೆಯ ಕಕಾರವನ್ನು ಕೆಳಗಿಳಿಸಿ ಒತ್ತು ಮಾಡುವುದು ತೆರೆಗೆ ಬರೆಯುವ ತಂತ್ರಾಂಶದ ಕೆಲಸ. 'ಅರ್ಜಿ' ಬರೆಯುವಾಗ ಇನ್ನೂ ಫಜೀತಿ. ಕಡತದಲ್ಲಿ ರೇಫ ಮೊದಲು, ಜಕಾರ ಆಮೇಲೆ. ತೆರೆಯ ಮೇಲೆ ಜಿ ಮೊದಲು, ಅರ್ಕಾವತ್ತು ಆಮೇಲೆ. ಈ ಹಿಂದುಮುಂದು ಮಾಡುವುದಕ್ಕೆ ಯಂತ್ರಕ್ಕೆ ಒಂಚೂರು ವ್ಯಾಕರಣ ಗೊತ್ತಿರಬೇಕು.

ಅದು ಗೊತ್ತಿಲ್ಲದ ಕಾಲದಲ್ಲಿ ನಮ್ಮವರು ಬುದ್ಧಿವಂತಿಕೆಯ ಒಂದು ಅಡ್ಡದಾರಿ ಹುಡುಕಿದ್ದರು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಅಕ್ಷರದ ಚೂರುಗಳನ್ನು ಕೂರಿಸುವುದು. ತಲೆಕಟ್ಟು ಒಂದು ಚೂರು, ಒತ್ತು ಇನ್ನೊಂದು ಚೂರು. 1998ರ ಬರಹ, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ ಎರಡೂ ಹೀಗೇ ಕೆಲಸ ಮಾಡುತ್ತಿದ್ದವು. ಯಂತ್ರಕ್ಕೆ ಏನೂ ಗೊತ್ತಿರಬೇಕಿಲ್ಲ, ಫಾಂಟ್ ಇದ್ದರಾಯಿತು. ಇದಕ್ಕಿಂತ ಹಗುರ ಉಪಾಯ ಇನ್ನೊಂದಿಲ್ಲ. ನಮ್ಮ ಅಮ್ಮನ ಹಳೆಯ ನುಡಿ ಕಡತಗಳು ಫ್ಲಕ್ಸ್‌ಬಾಕ್ಸ್‌ನಲ್ಲೂ ಸರಿಯಾಗಿಯೇ ಕಂಡವು. ಆದರೆ ಆ ಫಾಂಟ್ ಇಲ್ಲದ ಕಡೆ ತೆರೆದರೆ ಬರೀ ಇಂಗ್ಲಿಷ್ ಕಲಸುಮೇಲೋಗರ. ಹುಡುಕಲಾಗದು, ಅಕಾರಾದಿ ಜೋಡಿಸಲಾಗದು. ಹಗುರಕ್ಕೆ ತೆತ್ತ ಬೆಲೆ ಅದು.

ವಿಂಡೋಸ್‌ನಲ್ಲಿ 2001ರ ಎಕ್ಸ್‌ಪಿ ತುಂಗಾ ಫಾಂಟಿನೊಂದಿಗೆ ಯುನಿಕೋಡ್ ಕನ್ನಡ ತಂದಿತು. ಲಿನಕ್ಸ್ ಕಡೆ 2002ರ ಮಾರ್ಚ್‌ನಲ್ಲಿ ಜಿಟಿಕೆ 2 ಬಂತು, ಅದರ ಜೊತೆಗೆ ಪ್ಯಾಂಗೋ. ಜಗತ್ತಿನ ಎಲ್ಲ ಲಿಪಿಗಳನ್ನೂ ಸರಿಯಾಗಿ ಬರೆಯಬೇಕೆಂದೇ ಮಾಡಿದ ತಂತ್ರಾಂಶ ಪ್ಯಾಂಗೋ. ಗ್ನೋಮ್ 2 ಅದೇ ವರ್ಷ ಅದನ್ನು ಬಳಸಿತು. 2003ರ ಸೆಪ್ಟೆಂಬರಿನ ಎಕ್ಸ್‌ಎಫ್‌ಸಿಇ 4 ಕೂಡ ಜಿಟಿಕೆ 2ಕ್ಕೆ ಬದಲಾಯಿತು.

ಆಗ ಹಳೆ ಯಂತ್ರದವರೆಲ್ಲ ಗೊಣಗಿದರು. ಜಿಟಿಕೆ 2 ನಿಧಾನ, ಅಕ್ಷರ ಬರೆಯುವುದೇ ನಿಧಾನ, ಎಲ್ಲಾ ಆ ಪ್ಯಾಂಗೋ ದೆಸೆಯಿಂದ ಎಂದು ಬೈದರು. ಇದನ್ನು ಓದುವಾಗ ನನಗೆ ನಗು ಬಂತು, ಸ್ವಲ್ಪ ಬೇಸರವೂ ಆಯಿತು. ಅವರು ದೂರುತ್ತಿದ್ದ ಆ ಭಾರದಲ್ಲಿ ನಮ್ಮ ಒತ್ತಕ್ಷರದ ಪಾಲೂ ಇತ್ತು! ಇಂಗ್ಲಿಷ್ ಮಾತ್ರ ಬರೆಯುವವರಿಗೆ ಅದು ಬೇಡದ ಹೊರೆ, ನಮಗೆ ಅದೇ ಅಕ್ಷರ. 2001ರಲ್ಲಿ ಬ್ಲ್ಯಾಕ್‌ಬಾಕ್ಸ್‌ನಿಂದ ಕವಲೊಡೆದ ಫ್ಲಕ್ಸ್‌ಬಾಕ್ಸ್ ಆ ಹೊರೆ ಹೊರಲಿಲ್ಲ. ಅದರ ಮೆನುವೂ ತಲೆಪಟ್ಟಿಯೂ ಇಂದಿಗೂ ಪ್ಯಾಂಗೋ ಮುಟ್ಟುವುದಿಲ್ಲ. ಕಿಟಕಿಯ ಒಳಗಿನದು ಜಿಟಿಕೆಯದ್ದಾದ್ದರಿಂದ ಅಲ್ಲಿ ಮಾತ್ರ ಕನ್ನಡ ಸರಿ. ಅಮ್ಮನ ಪ್ರಶ್ನೆಗೆ ಉತ್ತರ ಸಿಕ್ಕಿತು.

ನಮ್ಮೂರಿನ ಪ್ರಯತ್ನಗಳು

ಚಿಕ್ಕ ಯಂತ್ರದಲ್ಲಿ ಕನ್ನಡ ಎಂಬುದು ಬೆಂಗಳೂರಿಗೆ ಹೊಸದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಕಂಪನಿಯವರೂ ಸೇರಿ 2001ರಲ್ಲಿ ತೋರಿಸಿದ ಸಿಂಪ್ಯೂಟರ್ ನೆನಪಿದೆಯೇ? ಅಂಗೈಯಗಲದ ಲಿನಕ್ಸ್ ಯಂತ್ರ, 32 ಎಂಬಿ ಮೆಮೊರಿ. ಓದು ಬಾರದ ಹಳ್ಳಿಯವರೂ ಬಳಸಲಿ ಎಂದು ಅದಕ್ಕಾಗಿ ಪ್ರೊ. ರಮೇಶ್ ಹರಿಹರನ್ 'ಧ್ವನಿ' ಎಂಬ ತಂತ್ರಾಂಶ ಬರೆದರು. ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ಆ ತಂತ್ರಾಂಶಕ್ಕೆ ಮೊದಲಿಗೇ ಬಂದ ಭಾಷೆಗಳಲ್ಲಿ ಕನ್ನಡವೂ ಒಂದು. 2004ರಲ್ಲಿ ಬಿಇಎಲ್ ಅದನ್ನು ಅಮಿಡ ಎಂಬ ಹೆಸರಿನಲ್ಲಿ ಮಾರುಕಟ್ಟೆಗೂ ತಂದಿತು. ಓಡಲಿಲ್ಲ, ಆ ಮಾತು ಬೇರೆ. ಆದರೆ 32 ಎಂಬಿಯಲ್ಲಿ ಕನ್ನಡ ಮಾತಾಡಿಸಿದ ಊರಿನಲ್ಲಿ 1 ಜಿಬಿ ಯಂತ್ರವನ್ನು ಗುಜರಿ ಅನ್ನುತ್ತಿದ್ದೇವಲ್ಲ!

ಇನ್ನೊಂದು ನಮ್ಮ ಬನ್ನೇರುಘಟ್ಟ ರಸ್ತೆಯದ್ದೇ. ಗೊಟ್ಟಿಗೆರೆಯಿಂದ ಊರಿನ ಕಡೆಗೆ ಹೋದರೆ ಸಿಗುವ ಗುರಪ್ಪನಪಾಳ್ಯದ ಸುದರ್ಶನ ಲೇಔಟ್ ಕೊಳೆಗೇರಿಯಲ್ಲಿ 2008ರ ಸುಮಾರಿಗೆ ಮುಕ್ತ ತಂತ್ರಾಂಶದ ಕಾರ್ಯಕರ್ತರು ಅಂಬೇಡ್ಕರ್ ಸಮುದಾಯ ಕಂಪ್ಯೂಟರ್ ಕೇಂದ್ರ ಆರಂಭಿಸಿದರು. ಅಲ್ಲಿಯ ಮಕ್ಕಳು ಲಿನಕ್ಸ್‌ನಲ್ಲಿ ಜಿಂಪ್ ತಂತ್ರಾಂಶ ಹಿಡಿದು ಚಿತ್ರ ಬಿಡಿಸಲು ಕಲಿತರು. ಇನ್ನು ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕೇರಳದ ಐಟಿ ಅಟ್ ಸ್ಕೂಲ್ ಯೋಜನೆಯಿಂದಾಗಿ ವರ್ಷಗಟ್ಟಲೆಯಿಂದ ಶಾಲೆಯಲ್ಲಿ ಕಲಿಯುವುದೇ ಲಿನಕ್ಸ್.

ಮತ್ತೆ ಭಾರ, ಮತ್ತೆ ಹಗುರ

2008ರ ಕೆಡಿಇ 4, 2011ರ ಗ್ನೋಮ್ 3 ಬಂದ ಮೇಲೆ ಹೊಸ ಅಲೆ ಎದ್ದಿತು. ಗ್ನೋಮ್ 3 ಪೂರ್ತಿ ನಡೆಯಲು ಒಳ್ಳೆಯ ಗ್ರಾಫಿಕ್ಸ್ ಬೇಕಿತ್ತು. ಲಿನಕ್ಸ್ ಜನಕ ಲೈನಸ್ ಟೋರ್ವಾಲ್ಡ್ಸ್ ಅವರೇ ಸಿಟ್ಟಾಗಿ 2011ರಲ್ಲಿ ಎಕ್ಸ್‌ಎಫ್‌ಸಿಇಗೆ ಹೋದರು (ಆಮೇಲೆ ವಾಪಸ್ ಬಂದರು). ಹಳೆಯ ಗ್ನೋಮ್ 2 ಉಳಿಸಲು ಅರ್ಜೆಂಟೀನಾದವರೊಬ್ಬರು ಅದೇ ವರ್ಷ ಮಾಟೆ ಶುರುಮಾಡಿದರು. ಇದಕ್ಕೂ ಮೊದಲೇ, 2006ರಲ್ಲಿ, ತೈವಾನಿನಲ್ಲಿ ಎಲ್‌ಎಕ್ಸ್‌ಡಿಇ ಹುಟ್ಟಿತ್ತು. ಅದು ಕಿಟಕಿಯ ಚೌಕಟ್ಟಿಗೆ ಬಳಸುವ ಓಪನ್‌ಬಾಕ್ಸ್ ನೋಡಲು ಫ್ಲಕ್ಸ್‌ಬಾಕ್ಸ್‌ನಷ್ಟೇ ಸಣ್ಣದು, ಆದರೆ ಪ್ಯಾಂಗೋ ಬಳಸುತ್ತದೆ. ಹಗುರವೂ ಹೌದು, ಕನ್ನಡವೂ ಸರಿ. ಎರಡೂ ಒಟ್ಟಿಗೆ ಆಗುತ್ತದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಕೊನೆಗೆ ನಾನು ಹಾಕಿದ್ದು ಡೆಬಿಯನ್ 12, ಅದರ ಮೇಲೆ ಎಕ್ಸ್‌ಎಫ್‌ಸಿಇ. ಫ್ಲಕ್ಸ್‌ಬಾಕ್ಸ್‌ಗಿಂತ ಸ್ವಲ್ಪ ಭಾರ, ಗ್ನೋಮ್‌ಗಿಂತ ಎಷ್ಟೋ ಹಗುರ. ಗುಬ್ಬಿ ಫಾಂಟ್ ಸೇರಿಸಿದೆ. ಕೀಲಿಮಣೆಗೆ ಬೇರೆ ತಂತ್ರಾಂಶವನ್ನೇ ಹಾಕಲಿಲ್ಲ. ಎಕ್ಸ್ ವ್ಯವಸ್ಥೆಯ ಕೀಲಿಮಣೆ ಪಟ್ಟಿಯಲ್ಲೇ 'ಕಗಪ' ವಿನ್ಯಾಸ ಇದೆ. ನಮ್ಮ ಕೆ.ಪಿ. ರಾವ್ ರೂಪಿಸಿದ ವಿನ್ಯಾಸದ ಪರಂಪರೆಯದ್ದು. ಎಫ್ ಒತ್ತಿದರೆ ಹಲಂತ, ಅದರ ಮುಂದಿನ ವ್ಯಂಜನ ಒತ್ತು. ನುಡಿಯಲ್ಲಿ ಪಳಗಿದ ಅಮ್ಮನ ಕೈಗೆ ಏನೂ ಹೊಸದಿಲ್ಲ, ಹಿನ್ನೆಲೆಯಲ್ಲಿ ಓಡುವ ಹೆಚ್ಚಿನ ಹೊರೆಯೂ ಇಲ್ಲ. ಹಳೆಯ ನುಡಿ ಕಡತಗಳನ್ನು ಒಂದೊಂದಾಗಿ ಯುನಿಕೋಡ್‌ಗೆ ಬದಲಾಯಿಸುತ್ತಿದ್ದೇನೆ.

ಎಲ್ಲಾ ಸುಖಾಂತ ಅಂದುಕೊಳ್ಳಬೇಡಿ. ಬ್ರೌಸರ್ ತೆರೆದರೆ ಯಂತ್ರ ಈಗಲೂ ಏದುಸಿರು ಬಿಡುತ್ತದೆ. ಇವತ್ತಿನ ಜಾಲತಾಣಗಳ ಭಾರವನ್ನು ಯಾವ ಡೆಸ್ಕ್‌ಟಾಪೂ ಇಳಿಸಲಾರದು. ಆಟಮ್ ಎನ್270 ಬರೀ 32 ಬಿಟ್. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13 ಅಂಥ ಯಂತ್ರಗಳಿಗೆ ಅನುಸ್ಥಾಪಕವನ್ನೇ ಕೊಡಲಿಲ್ಲ. ಫೈರ್‌ಫಾಕ್ಸ್ ಕೂಡ ಅದೇ ವರ್ಷ 145ನೇ ಆವೃತ್ತಿಯಿಂದ 32 ಬಿಟ್ ಲಿನಕ್ಸ್ ಕೈಬಿಟ್ಟಿತು. ಅಂದರೆ ಈ ಪುಟ್ಟ ಯಂತ್ರಕ್ಕೆ ನಾನು ಕೊಟ್ಟಿರುವುದು ಇನ್ನು ಕೆಲವು ವರ್ಷದ ಆಯಸ್ಸು, ಅದೂ ಜಾಲಕ್ಕೆ ಹೆಚ್ಚು ಹೋಗದೆ ಇದ್ದರೆ. ಆಮೇಲೆ ಯಂತ್ರ ಹೋದರೂ ಕಡತಗಳು ಯುನಿಕೋಡ್‌ನಲ್ಲಿ ಇರುತ್ತವೆ, ಎಲ್ಲಿ ತೆರೆದರೂ ಕನ್ನಡವಾಗಿಯೇ ಕಾಣುತ್ತವೆ. ನಿಜವಾಗಿ ಉಳಿಸಬೇಕಾದದ್ದು ಅದೇ ಅಂತ ನನಗನ್ನಿಸಿದೆ.

ನಿಮ್ಮ ಮನೆಯಲ್ಲೂ ಇಂಥ ಹಳೆ ಯಂತ್ರ ಇದ್ದರೆ ಹಗುರದ ಡೆಸ್ಕ್‌ಟಾಪ್ ಆರಿಸುವಾಗ ಮೆಮೊರಿ ಎಷ್ಟು ಉಳಿಯಿತು ಎಂದಷ್ಟೇ ನೋಡಬೇಡಿ. ಕಡತವೊಂದಕ್ಕೆ 'ಲೆಕ್ಕಪತ್ರ' ಅಂತ ಹೆಸರಿಟ್ಟು, ತಲೆಪಟ್ಟಿಯಲ್ಲಿ ಹೇಗೆ ಬರುತ್ತದೆ ನೋಡಿ. ನನ್ನ ಮಟ್ಟಿಗೆ ಅದೇ ಪರೀಕ್ಷೆ.

ಸಂಜೆ ಅಮ್ಮ ಮತ್ತೆ ಬಂದು ಕೂತು, ಕಡತ ತೆರೆದು, ತಲೆಪಟ್ಟಿ ನೋಡಿ, "ಹಾಂ, ಈಗ ಸರಿಯಾಯ್ತು" ಅಂದು ಈ ತಿಂಗಳ ನಡಾವಳಿ ಬರೆಯತೊಡಗಿದರು. ನಾನು ಕಾಫಿ ಮಾಡಲು ಎದ್ದೆ :)