ಬಳ್ಳಾರಿ ಮಾದರಿಯೂ ಬಾಣಂತಿಯ ಮನಸ್ಸೂ

ಹೊಸಪೇಟೆ, ಸಂಡೂರು, ಕಂಪ್ಲಿಗಳೆಲ್ಲ ಒಂದೇ ಬಳ್ಳಾರಿ ಜಿಲ್ಲೆಯಲ್ಲಿದ್ದ ಕಾಲ. 1985ರಿಂದ 1990ರವರೆಗೆ ಇಲ್ಲೊಂದು ಪ್ರಯೋಗ ನಡೆಯಿತು. ಹಂಪಿ ನೋಡಲು ಬರುವವರಿಗೆ ಅದರ ಸುಳಿವಿಲ್ಲ, ಆದರೆ ಮನೋವೈದ್ಯರ ವಲಯದಲ್ಲಿ ‘ಬಳ್ಳಾರಿ ಮಾದರಿ’ ಎಂದರೆ ಇಂದಿಗೂ ಗೊತ್ತು.

ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ 1975ರಲ್ಲಿ ಸಮುದಾಯ ಮನೋವೈದ್ಯಕೀಯ ಘಟಕ ತೆರೆದು, ಸಕಲವಾರ, ಸೋಲೂರುಗಳಲ್ಲಿ ಹಳ್ಳಿಯ ಕೆಲಸ ಕಲಿತಿತ್ತು. ಆರ್. ಶ್ರೀನಿವಾಸ ಮೂರ್ತಿ, ಮೋಹನ್ ಐಸಾಕ್, ಸಿ.ಆರ್. ಚಂದ್ರಶೇಖರ್ ಮೊದಲಾದವರ ವಾದ ಸರಳವಾಗಿತ್ತು. ಮನೋವೈದ್ಯರು ಬೆರಳೆಣಿಕೆಯಷ್ಟು, ರೋಗಿಗಳು ಊರೂರಲ್ಲಿ. ಹಾಗಾದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೇ ತರಬೇತಿ ಕೊಡೋಣ, ನಾಲ್ಕಾರು ಔಷಧ ಅಲ್ಲೇ ಸಿಗುವಂತೆ ಮಾಡೋಣ. ಚಿತ್ತವಿಕಲತೆಗೆ ಕ್ಲೋರ್‌ಪ್ರೊಮಝೀನ್, ಖಿನ್ನತೆಗೆ ಅಮಿಟ್ರಿಪ್ಟಿಲಿನ್, ಮೂರ್ಛೆರೋಗಕ್ಕೆ ಫಿನೋಬಾರ್ಬಿಟೋನ್. ಇಷ್ಟರಲ್ಲೇ ಬಹಳಷ್ಟು ಸಾಧ್ಯ ಎಂಬುದನ್ನು ಜಿಲ್ಲೆ ತೋರಿಸಿತು. 1996ರಲ್ಲಿ ಕೇಂದ್ರ ಸರ್ಕಾರ ನಾಲ್ಕು ಜಿಲ್ಲೆಗಳಲ್ಲಿ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಅಡಿಪಾಯ.

ಒಂದು ಕೊರತೆಯನ್ನೂ ಹೇಳಲೇಬೇಕು. ಬೀದಿಯಲ್ಲಿ ಕೂಗಾಡಿದವರು, ಮೂರ್ಛೆ ಬಿದ್ದವರು ಬೇಗ ಕಣ್ಣಿಗೆ ಬಿದ್ದರು. ಹೆರಿಗೆಯಾಗಿ ಹತ್ತು ದಿನಕ್ಕೆ ನಿದ್ದೆಗೆಟ್ಟು, ಕೂಸನ್ನೇ ಅನುಮಾನದಿಂದ ನೋಡುವ ಹೆಣ್ಣುಮಗಳು ಬಾಣಂತಿ ಕೋಣೆಯೊಳಗೇ ಉಳಿದಳು. ಮನೆಯವರು ಅದನ್ನು ಬಾಣಂತಿ ಸನ್ನಿ ಎಂದು ಗುರುತಿಸುತ್ತಿದ್ದರು, ತಾಯತ ಕಟ್ಟಿಸುತ್ತಿದ್ದರು. ಆಸ್ಪತ್ರೆಯ ದಾರಿ ನೆನಪಾಗುತ್ತಿದ್ದುದು ಕೊನೆಗೆ.

ಆ ಕೋಣೆಯ ಬಾಗಿಲು ತಟ್ಟಿದ್ದು ನಿಮ್ಹಾನ್ಸ್‌ನದೇ ಇನ್ನೊಂದು ಧಾರೆ. ಅದರ ಮುಂಚೂಣಿಯಲ್ಲಿದ್ದವರು ಪ್ರೊಫೆಸರ್ ಪ್ರಭಾ ಎಸ್. ಚಂದ್ರ. ಎಚ್‌ಐವಿ ಸೋಂಕಿತರ ಮನಸ್ಥಿತಿ ಅವರ ಆರಂಭದ ಅಧ್ಯಯನ ವಿಷಯಗಳಲ್ಲೊಂದು. 2003ರಲ್ಲಿ ಅವರೂ ಸಂಗಡಿಗರೂ ಪ್ರಕಟಿಸಿದ ಅಧ್ಯಯನದಲ್ಲಿ, ದಕ್ಷಿಣ ಭಾರತದ ಮಾನಸಿಕ ಆಸ್ಪತ್ರೆಯೊಂದಕ್ಕೆ ದಾಖಲಾದ 146 ಮಹಿಳೆಯರನ್ನು ಲೈಂಗಿಕ ಬಲಾತ್ಕಾರದ ಬಗ್ಗೆ ನೇರವಾಗಿ ಕೇಳಲಾಯಿತು. ಶೇಕಡ 34ರಷ್ಟು ಮಂದಿ ಹೌದೆಂದರು. ಅವರಲ್ಲಿ ಹೆಚ್ಚಿನವರು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಕೇಳುವವರಿದ್ದರೆ ತಾನೇ ಹೇಳುವುದು?

2009ರ ಜುಲೈಯಲ್ಲಿ ನಿಮ್ಹಾನ್ಸ್‌ನಲ್ಲಿ ತಾಯಿ-ಮಗು ಘಟಕ ತೆರೆಯಿತು. ಇದ್ದದ್ದು ಐದು ಹಾಸಿಗೆ. ವಿಚಾರ ಹೊಸದೇನಲ್ಲ. ಫ್ರಾನ್ಸಿನ ಲೂಯಿ-ವಿಕ್ಟರ್ ಮಾರ್ಸೆ 1858ರಲ್ಲೇ ಗರ್ಭಿಣಿ, ಬಾಣಂತಿಯರ ಮನೋರೋಗದ ಬಗ್ಗೆ ಗ್ರಂಥ ಬರೆದಿದ್ದ. ಇಂಗ್ಲೆಂಡಿನ ಕ್ಯಾಸೆಲ್ ಆಸ್ಪತ್ರೆ 1948ರಲ್ಲಿ ತಾಯಿಯೊಂದಿಗೆ ಮಗುವನ್ನೂ ದಾಖಲಿಸಿಕೊಂಡಿತ್ತು. ಅಲ್ಲಿನ ಇಂಥ ಘಟಕಗಳಲ್ಲಿ ಮಗುವಿಗೆಂದೇ ದಾದಿಯರ ಪಡೆ ಇರುತ್ತದೆ. ಅಷ್ಟು ಸಿಬ್ಬಂದಿ ನಮಗೆಲ್ಲಿ? ಇಲ್ಲಿ ಮನೆಯ ಹೆಂಗಸೊಬ್ಬರು ಜೊತೆಗಿರಬೇಕು ಎಂಬ ಏರ್ಪಾಡಾಯಿತು. ತಾಯಿ ಔಷಧ ತೆಗೆದುಕೊಳ್ಳುತ್ತಾ ಚೇತರಿಸಿಕೊಳ್ಳುವಾಗ ಕೂಸಿಗೆ ಹಾಲುಣಿಸುವುದು, ಸ್ನಾನ ಮಾಡಿಸುವುದು, ಮಾತಾಡಿಸುವುದು ಪಕ್ಕದಲ್ಲೇ ಸಾಗುತ್ತದೆ. ಅದನ್ನು ಗಮನಿಸುವ ನರ್ಸುಗಳಿಗೆ ತಾಯಿ-ಮಗುವಿನ ನಂಟು ಎಷ್ಟು ಕೂಡಿಬಂದಿದೆ ಎಂಬುದೂ ತಿಳಿಯುತ್ತದೆ. ಬಡತನದ ಕಾರಣಕ್ಕೆ ಮಾಡಿಕೊಂಡ ಈ ಬದಲಾವಣೆ ಮೂಲಕ್ಕಿಂತ ನಮ್ಮ ಮನೆಗಳಿಗೆ ಹೆಚ್ಚು ಹೊಂದುತ್ತದೆ ಅನಿಸುತ್ತದೆ.

ಮುಂದೆ ಪ್ರಭಾ ಚಂದ್ರ ಅಂತಾರಾಷ್ಟ್ರೀಯ ಮಹಿಳಾ ಮಾನಸಿಕ ಆರೋಗ್ಯ ಸಂಘದ ಅಧ್ಯಕ್ಷೆಯೂ ಆದರು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ, ದಾಖಲಾದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸಬಾರದು ಎಂದಿತು.

ಸನ್ನಿ ವಿರಳ, ಸಾವಿರ ಹೆರಿಗೆಗೆ ಒಂದೆರಡು. ಖಿನ್ನತೆ ಹಾಗಲ್ಲ. ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಗೋವಾದಲ್ಲಿ ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆರಿಗೆಯಾಗಿ ಆರೆಂಟು ವಾರದ ತಾಯಂದಿರಲ್ಲಿ ಶೇಕಡ 23ರಷ್ಟು ಮಂದಿಗೆ ಖಿನ್ನತೆ ಕಂಡಿತು. ಬಡತನ, ಗಂಡನ ಹೊಡೆತ, ಗಂಡು ಬಯಸಿದಲ್ಲಿ ಹೆಣ್ಣು ಹುಟ್ಟಿದ್ದು ಇವು ಅಪಾಯವನ್ನು ಹೆಚ್ಚಿಸಿದ್ದವು. ಸಂಡೂರಿನ ಗಣಿ ಕೂಲಿಯ ಮನೆಗೋ ಕಂಪ್ಲಿಯ ಗದ್ದೆ ಕೆಲಸದ ಮನೆಗೋ ಇವು ಅಪರಿಚಿತವೇನಲ್ಲ.

2021ರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಯ ಕೇಂದ್ರವಾಯಿತು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ರಾಜ್ಯದ ಮನೋಚೈತನ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋವೈದ್ಯಕೀಯ ಶಿಬಿರಗಳು ಬಂದವು. 2022ರಿಂದ 14416ಕ್ಕೆ ಫೋನ್ ಮಾಡಿದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ. ಇವೆಲ್ಲ ಒಳ್ಳೆಯವೇ. ಆದರೆ ಹಸಿ ಬಾಣಂತಿ ಶಿಬಿರಕ್ಕೆ ಬರುವವಳಲ್ಲ, ಫೋನು ಅವಳ ಕೈಯಲ್ಲಿರುವುದೂ ಅನುಮಾನ. ಅದರ ಮೇಲೆ ಮೊದಲ ಹೆರಿಗೆಗೆ ತವರು. ಸಂಡೂರಿನ ಸೊಸೆ ಕಂಪ್ಲಿಯ ಮಗಳಾಗಿ ಹೆರುತ್ತಾಳೆ. ಬಸುರಿನಲ್ಲಿ ಅವಳನ್ನು ಬಲ್ಲ ಆಶಾ ಕಾರ್ಯಕರ್ತೆ ಅಲ್ಲಿರುವುದಿಲ್ಲ.

ಬಳ್ಳಾರಿಯ ಹಳೆಯ ತರ್ಕ ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ. ಕೂಸಿನ ಆರೈಕೆ ನೋಡಲು ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಹೋಗಬೇಕೆಂಬ ನಿಯಮ ಆಗಲೇ ಇದೆ. ಸನ್ನಿ ಹೆಚ್ಚಾಗಿ ಕಾಣಿಸುವುದು ಮೊದಲ ಎರಡು ವಾರದಲ್ಲಿ. ಅಂದರೆ ಮೊದಲ ಮೂರು ಭೇಟಿಗಳ ಒಳಗೆ. ಆಕೆ ಕೂಸನ್ನು ತೂಗುತ್ತಾಳೆ, ಜ್ವರ ನೋಡುತ್ತಾಳೆ. ಕೂಸು ಮಲಗಿದಾಗಲಾದರೂ ನಿನಗೆ ನಿದ್ದೆ ಹತ್ತುತ್ತದೇನವ್ವಾ ಎಂದು ತಾಯಿಯನ್ನೂ ಕೇಳುವುದಕ್ಕೆ ಹೊಸ ಹುದ್ದೆ ಬೇಡ, ಹೊಸ ಕಟ್ಟಡವೂ ಬೇಡ. ‘ಇಲ್ಲ, ಮೂರು ದಿನದಿಂದ ಇಲ್ಲ’ ಎಂದರೆ ಯಾರಿಗೆ ಫೋನ್ ಮಾಡಬೇಕು ಎಂಬುದು ಆಕೆಗೆ ಗೊತ್ತಿರಬೇಕು, ಅಷ್ಟೇ.