ನೆವರ್‌ಮೈಂಡ್

ನೆವರ್‌ಮೈಂಡ್ ಎಂಬುದು ಅಮೆರಿಕದ ಆಲ್ಟರ್ನೇಟಿವ್ ರಾಕ್ ತಂಡವಾದ ನಿರ್ವಾಣದ ಎರಡನೆಯ ಸ್ಟುಡಿಯೊ ಆಲ್ಬಮ್. ಗೆಫೆನ್ ಸಂಸ್ಥೆಗೆ ಸೇರಿದ ಡಿಜಿಸಿ ರೆಕಾರ್ಡ್ಸ್ ಇದನ್ನು 1991ರ ಸೆಪ್ಟೆಂಬರ್ 24ರಂದು ಬಿಡುಗಡೆ ಮಾಡಿತು. ಬೌದ್ಧ ಪರಿಭಾಷೆಯಿಂದ ಹೆಸರು ಪಡೆದ ಈ ತಂಡದಲ್ಲಿ ಆಗ ಕರ್ಟ್ ಕೊಬೈನ್ (ಗಾಯನ, ಗಿಟಾರ್), ಕ್ರಿಸ್ಟ್ ನೊವೊಸೆಲಿಕ್ (ಬೇಸ್ ಗಿಟಾರ್) ಮತ್ತು ಡೇವ್ ಗ್ರೋಲ್ (ಡ್ರಮ್ಸ್) ಇದ್ದರು. ಸಿಯಾಟಲ್ ನಗರದ ಸುತ್ತಮುತ್ತ ಬೆಳೆದ ಗ್ರಂಜ್ ಶೈಲಿಯನ್ನು ಲೋಕಕ್ಕೆ ಪರಿಚಯಿಸಿದ ಆಲ್ಬಮ್‌ಗಳಲ್ಲಿ ಇದು ಪ್ರಮುಖವಾದುದು.

ಹಿನ್ನೆಲೆ

ತಂಡದ ಮೊದಲ ಆಲ್ಬಮ್ ಬ್ಲೀಚ್ (1989) ಸಬ್ ಪಾಪ್ ಎಂಬ ಸಣ್ಣ ಸಂಸ್ಥೆಯಿಂದ ಹೊರಬಂದಿತ್ತು. ಅದರ ಧ್ವನಿಮುದ್ರಣಕ್ಕೆ ತಗುಲಿದ ವೆಚ್ಚ ಸುಮಾರು 606 ಡಾಲರ್ ಮಾತ್ರ. 1990ರ ಏಪ್ರಿಲ್‌ನಲ್ಲಿ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿ ನಿರ್ಮಾಪಕ ಬುಚ್ ವಿಗ್ ಅವರೊಡನೆ ಹೊಸ ಹಾಡುಗಳ ಮುದ್ರಣ ಆರಂಭವಾಯಿತು. ಬಳಿಕ ಡ್ರಮ್ಸ್ ವಾದಕ ಚಾಡ್ ಚಾನಿಂಗ್ ತಂಡದಿಂದ ಹೊರನಡೆದರು. ಅವರ ಸ್ಥಾನಕ್ಕೆ ಗ್ರೋಲ್ ಬಂದರು. ಮ್ಯಾಡಿಸನ್‌ನಲ್ಲಿ ಮುದ್ರಿತವಾದ "ಪಾಲಿ" ಹಾಡು ಮಾತ್ರ ಅಂತಿಮ ಆಲ್ಬಮ್‌ನಲ್ಲಿ ಉಳಿದುಕೊಂಡಿತು.

ಧ್ವನಿಮುದ್ರಣ

ಮುಖ್ಯ ಮುದ್ರಣವು 1991ರ ಮೇ ಮತ್ತು ಜೂನ್ ತಿಂಗಳುಗಳಲ್ಲಿ ಕ್ಯಾಲಿಫೋರ್ನಿಯಾದ ಸೌಂಡ್ ಸಿಟಿ ಸ್ಟುಡಿಯೊದಲ್ಲಿ ನಡೆಯಿತು. ಒಂದೇ ಹಾಡನ್ನು ಎರಡು ಬಾರಿ ಹಾಡಿ, ಒಂದರ ಮೇಲೊಂದು ಕೂಡಿಸುವ ವಿಧಾನ ಕೊಬೈನ್‌ಗೆ ಒಗ್ಗುತ್ತಿರಲಿಲ್ಲ. ಜಾನ್ ಲೆನನ್ ಸಹ ಹಾಗೆಯೇ ಹಾಡುತ್ತಿದ್ದರೆಂದು ಹೇಳಿ ವಿಗ್ ಅವರನ್ನು ಒಪ್ಪಿಸಿದರು. "ಸಮ್‌ಥಿಂಗ್ ಇನ್ ದ ವೇ" ಹಾಡಿನ ಸಂಗತಿ ಇನ್ನೂ ಕುತೂಹಲಕರ. ತಂಡದ ಅಬ್ಬರದ ನಡುವೆ ಅದರ ಮೆಲುದನಿ ಹಿಡಿತಕ್ಕೆ ಸಿಗಲಿಲ್ಲ. ಕೊನೆಗೆ ನಿಯಂತ್ರಣ ಕೊಠಡಿಯ ಸೋಫಾದ ಮೇಲೆ ಮಲಗಿಕೊಂಡು ಕೊಬೈನ್ ಪಿಸುಗುಡುವಂತೆ ಹಾಡಿದುದನ್ನು ಮುದ್ರಿಸಿಕೊಂಡು, ಉಳಿದ ವಾದ್ಯಗಳನ್ನು ಆಮೇಲೆ ಸೇರಿಸಲಾಯಿತು. ಮೆಲುದನಿಯ ಚರಣದಿಂದ ಒಮ್ಮೆಲೇ ಭೋರ್ಗರೆಯುವ ಪಲ್ಲವಿಗೆ ನೆಗೆಯುವ ರೀತಿಯನ್ನು ತಾವು ಪಿಕ್ಸೀಸ್ ತಂಡದಿಂದ ಪಡೆದುದಾಗಿ ಕೊಬೈನ್ ಮುಚ್ಚುಮರೆಯಿಲ್ಲದೆ ಹೇಳಿದ್ದರು. ಅಂತಿಮ ಧ್ವನಿಮಿಶ್ರಣವನ್ನು ಆಂಡಿ ವಾಲೇಸ್ ನಿರ್ವಹಿಸಿದರು.

ಬಿಡುಗಡೆ ಮತ್ತು ಯಶಸ್ಸು

ಸಂಸ್ಥೆಯ ನಿರೀಕ್ಷೆ ಸಾಧಾರಣವಾಗಿತ್ತು; ಅಮೆರಿಕದ ಅಂಗಡಿಗಳಿಗೆ ಮೊದಲು ಕಳುಹಿಸಿದ್ದು 46,251 ಪ್ರತಿಗಳು. ಬಿಲ್‌ಬೋರ್ಡ್ ಪಟ್ಟಿಗೆ ಆಲ್ಬಮ್ 144ನೇ ಸ್ಥಾನದಲ್ಲಿ ಪ್ರವೇಶಿಸಿತು. ಆದರೆ "ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್" ಹಾಡಿನ ವಿಡಿಯೊವನ್ನು ಎಂಟಿವಿ ಮೇಲಿಂದ ಮೇಲೆ ಪ್ರಸಾರ ಮಾಡಿದಂತೆ ಬೇಡಿಕೆ ಏರಿತು. 1992ರ ಜನವರಿ 11ರ ಪಟ್ಟಿಯಲ್ಲಿ ಅದು ಮೈಕಲ್ ಜಾಕ್ಸನ್ ಅವರ ಡೇಂಜರಸ್ ಆಲ್ಬಮನ್ನು ಹಿಂದಿಕ್ಕಿ ಮೊದಲ ಸ್ಥಾನಕ್ಕೇರಿತು. ಹಾಡಿನ ಶೀರ್ಷಿಕೆಯಲ್ಲಿರುವ "ಟೀನ್ ಸ್ಪಿರಿಟ್" ವಾಸ್ತವವಾಗಿ ಒಂದು ಡಿಯೋಡರೆಂಟ್‌ನ ಹೆಸರು. ಹಾಡು ಬರೆಯುವಾಗ ಕೊಬೈನ್‌ಗೆ ಇದು ತಿಳಿದಿರಲಿಲ್ಲ.

ಮುಖಪುಟ

ಗಾಳಕ್ಕೆ ಸಿಕ್ಕಿಸಿದ ಡಾಲರ್ ನೋಟಿನತ್ತ ನೀರೊಳಗೆ ಈಜುವ ಶಿಶುವಿನ ಚಿತ್ರವನ್ನು ಕರ್ಕ್ ವೆಡ್ಲ್ ತೆಗೆದರು. ಆ ಶಿಶು ದೊಡ್ಡವನಾದ ಮೇಲೆ, 2021ರಲ್ಲಿ, ಈ ನಗ್ನಚಿತ್ರದ ಬಳಕೆಯ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿದನು.

ನಂತರದ ಪರಿಣಾಮ

ಈ ಯಶಸ್ಸು ಕೊಬೈನ್‌ಗೆ ನೆಮ್ಮದಿ ತರಲಿಲ್ಲ. ಆಲ್ಬಮ್‌ನ ಧ್ವನಿ ಅತಿಯಾಗಿ ನಯಗೊಂಡು, ಪಂಕ್ ಸಂಗೀತದಿಂದ ದೂರ ಸರಿಯಿತೆಂದು ಅವರು ಬೇಸರಪಟ್ಟಿದ್ದರು. ಮುಂದಿನ ಆಲ್ಬಮ್ ಇನ್ ಯೂಟೆರೊ (1993) ಒರಟಾಗಿರಲೆಂದು ಸ್ಟೀವ್ ಅಲ್ಬಿನಿ ಅವರನ್ನು ಆರಿಸಿಕೊಂಡುದಕ್ಕೆ ಇದೂ ಒಂದು ಕಾರಣ. 1994ರ ಏಪ್ರಿಲ್‌ನಲ್ಲಿ ಕೊಬೈನ್ ತಮ್ಮ 27ನೇ ವಯಸ್ಸಿನಲ್ಲಿ ನಿಧನರಾದರು. ತಂಡವೂ ಅಲ್ಲಿಗೆ ಕೊನೆಗೊಂಡಿತು. ನೆವರ್‌ಮೈಂಡ್ ಜಗತ್ತಿನಾದ್ಯಂತ ಮೂರು ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿದೆ ಎನ್ನಲಾಗುತ್ತದೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ರಾಷ್ಟ್ರೀಯ ಧ್ವನಿಮುದ್ರಣ ದಾಖಲೆಯ 2004ರ ಪಟ್ಟಿಯಲ್ಲಿ ಇದನ್ನು ಸೇರಿಸಿತು.