ಮಿಶ್ರ ಸಂಚಾರ ಮಾದರಿ

ಮನುಷ್ಯರು ಓಡಿಸುವ ವಾಹನಗಳೂ ಚಾಲಕರಹಿತ ವಾಹನಗಳೂ ಒಂದೇ ರಸ್ತೆಯಲ್ಲಿ ಬೆರೆತಾಗ ವೇಗ, ದಟ್ಟಣೆ, ಹರಿವು ಹೇಗಿರುತ್ತವೆಂದು ಲೆಕ್ಕ ಹಾಕುವ ಗಣಿತ ವಿಧಾನ. ವಾಹನಗಳ ಸಾಲನ್ನು ದ್ರವದಂತೆ ಕಾಣುವ ಸಿದ್ಧಾಂತವನ್ನು ಲೈಟ್‌ಹಿಲ್ ಮತ್ತು ವಿಟಮ್ 1955ರಲ್ಲಿ, ರಿಚರ್ಡ್ಸ್ 1956ರಲ್ಲಿ ಮಂಡಿಸಿದರು. ಪ್ರತಿ ವಾಹನ ತನ್ನ ಮುಂದಿನದನ್ನು ಹಿಂಬಾಲಿಸುವ ಬಗೆಯಿಂದ ಲೆಕ್ಕ ಕಟ್ಟುವುದು ಇನ್ನೊಂದು ದಾರಿ.

2008ರಲ್ಲಿ ಪ್ರಕಟವಾದ ಜಪಾನಿನ ಪ್ರಯೋಗದಲ್ಲಿ 230 ಮೀಟರ್ ಸುತ್ತಳತೆಯ ವೃತ್ತದಲ್ಲಿ 22 ಕಾರುಗಳು ಓಡಿದವು. ಅಡ್ಡಿ ಏನೂ ಇರಲಿಲ್ಲ. ಆದರೂ ನಿಂತು ಹೊರಡುವ ಅಲೆಯೊಂದು ಹುಟ್ಟಿ ಹಿಂದಕ್ಕೆ ಸಾಗಿತು. 2018ರಲ್ಲಿ ವರದಿಯಾದ ಅಮೆರಿಕದ ಪ್ರಯೋಗದಲ್ಲಿ ಇಪ್ಪತ್ತಕ್ಕೂ ಹೆಚ್ಚು ವಾಹನಗಳ ನಡುವಿನ ಒಂದೇ ಸ್ವಯಂಚಾಲಿತ ಕಾರು ಇಂಥ ಅಲೆಯನ್ನು ಅಡಗಿಸಿತು. ಈ ಕ್ಷೇತ್ರದ ಅತ್ಯಂತ ಭರವಸೆಯ ಫಲಿತಾಂಶವಿದು.

ಆದರೆ ಈ ಫಲಿತಾಂಶವನ್ನು ಬಗೆಬಗೆಯ ವಾಹನಗಳು ಬೆರೆಯುವ ಮಂಡ್ಯ ಜಿಲ್ಲೆಯಂಥ ಕಡೆಗೆ ಹಾಗೆಯೇ ಒಗ್ಗಿಸಲಾಗದು. ಶ್ರೀರಂಗಪಟ್ಟಣವನ್ನು ಹಾದುಹೋಗುವ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್‌ಗಳಿಗೆ ಪ್ರವೇಶವಿಲ್ಲ. ಅಲ್ಲಿ ಲೆಕ್ಕ ಸುಲಭ. ಕಷ್ಟವಿರುವುದು ಸರ್ವೀಸ್ ರಸ್ತೆಯಲ್ಲಿ, ಪಾಂಡವಪುರ, ಕೆ.ಆರ್.ಎಸ್. ಕಡೆಯ ದಾರಿಗಳಲ್ಲಿ. ಕಬ್ಬು ಕಟಾವಿನ ಕಾಲದಲ್ಲಿ ಟ್ರೈಲರ್‌ನ ಎರಡೂ ಬದಿಗೆ ಜಲ್ಲೆಗಳು ಚಾಚಿಕೊಂಡಿರುತ್ತವೆ, ಅದರ ಪಕ್ಕದ ಸಂದಿಯಲ್ಲೇ ಬೈಕ್ ನುಸುಳುತ್ತದೆ. ಇಲ್ಲಿ ಪಥವೆಂಬುದು ಬಣ್ಣದ ಗೆರೆ ಮಾತ್ರ. ಹಾಗಾಗಿ ಮಾದರಿಯಲ್ಲಿ ವಾಹನದ ಅಗಲವೂ ಪಕ್ಕದ ಅಂತರವೂ ಸೇರಲೇಬೇಕು. ಚಾಲಕರಹಿತ ಕಾರು ಸುರಕ್ಷತೆಗೆಂದು ಬಿಡುವ ಜಾಗಕ್ಕೆ ಬೈಕ್ ನುಗ್ಗಿದರೆ ಕಾರು ಮತ್ತೆ ಬ್ರೇಕ್ ಹಾಕುತ್ತದೆ. ಅಲೆ ಅಡಗಿಸಬೇಕಾದ ವಾಹನವೇ ಅಲೆಗೆ ಕಾರಣವಾಗಬಹುದು.